ನೋಡುತ್ತಾ ನಿಂತ ಮಕ್ಕಳಿಗೆ ಯಾವ ಕತೆ? ನಮ್ಮ ಶಾಲೆಗಳಿಗೊಂದು ಹೋಲಿಕೆ

ಗೇಲಿ ಮಾಡುವ ಮಕ್ಕಳಿಗೆ ಬುದ್ಧಿ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಗೇಲಿಗೆ ಸಿಕ್ಕ ಮಗುವಿಗೆ ಧೈರ್ಯ ತುಂಬುವ ಪುಸ್ತಕಗಳೂ ಇವೆ. ಆದರೆ ಯಾವ ತರಗತಿಯಲ್ಲಾದರೂ ಇವರಿಬ್ಬರಿಗಿಂತ ಜಾಸ್ತಿ ಇರುವವರು ಮೂರನೆಯವರು. ರೇಗಿಸುವುದೂ ಇಲ್ಲ, ರೇಗಿಸಿಕೊಳ್ಳುವುದೂ ಇಲ್ಲ, ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಒಂದಿಬ್ಬರು ನಗುತ್ತಾರೆ. ನಮ್ಮ ಹಾಸನ, ಚಿಕ್ಕಮಗಳೂರಿನ ಶಾಲೆಗಳ ಲೈಬ್ರರಿ ಕಪಾಟಿನಲ್ಲಿ ಈ ಮೂರನೆಯವರಿಗೆ ಏನಿದೆ ಅಂತ ನೋಡಿದರೆ ಕಷ್ಟವಾಗುತ್ತದೆ. ಇರುವ ಪುಸ್ತಕಗಳಲ್ಲಿ ಯಾವುದನ್ನು ಯಾವಾಗ ತೆಗೆಯಬೇಕು ಎಂದು ಕೇಳುವ ಮೇಷ್ಟ್ರು, ಮೇಡಂಗಳಿಗಾಗಿ ಈ ಬರಹ. ಮನೆಯಲ್ಲಿ ಓದಿ ಹೇಳುವ ಅಪ್ಪ ಅಮ್ಮಂದಿರಿಗೂ ಆದೀತು.

ಈ ಮೂರನೆಯವರ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಕೆನಡಾದಲ್ಲಿ ಸಂಶೋಧಕರು ಶಾಲಾ ಮೈದಾನದಲ್ಲಿ ಮಕ್ಕಳ ಆಟವನ್ನು ಕ್ಯಾಮೆರಾದಲ್ಲಿ ಹಿಡಿದು ಎಣಿಸಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಒಬ್ಬರನ್ನೊಬ್ಬರು ಪೀಡಿಸಿದ ಸಂದರ್ಭಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಆದರೆ ನಡುವೆ ಬಂದದ್ದು ನೂರಕ್ಕೆ 19 ಸಲ ಮಾತ್ರ. ನನಗೆ ಮುಖ್ಯವಾಗಿ ಕಂಡದ್ದು ಅದರ ಮುಂದಿನ ಮಾತು. ಯಾರಾದರೂ ನಡುವೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತುಹೋಗಿತ್ತು. ಹತ್ತು ಸೆಕೆಂಡು! ಅಂದರೆ ಇದಕ್ಕೆ ದೊಡ್ಡ ಶೌರ್ಯ ಏನೂ ಬೇಕಿಲ್ಲ. ಯಾರೋ ಒಬ್ಬರು ಬಾಯಿ ತೆರೆದರೆ ಸಾಕು.

ಹಾಗಾಗಿ ಪುಸ್ತಕ ಕೈಗೆತ್ತಿಕೊಂಡಾಗ ನಾನು ಎರಡೇ ವಿಷಯ ನೋಡುತ್ತೇನೆ. ಕೊನೆಯ ಪುಟದ ನೀತಿ ನೋಡುವುದಿಲ್ಲ. ಮೊದಲನೆಯದು, ಈ ಕತೆಯಲ್ಲಿ ನೋಡುತ್ತಾ ನಿಂತವರು ಇದ್ದಾರಾ? ಅವರು ಮಾಡಿದ್ದನ್ನು ನಮ್ಮ ಹುಡುಗಿ ನಾಳೆ ಬಿಸಿಯೂಟದ ಸಾಲಿನಲ್ಲಿ ಮಾಡಬಹುದಾ? ಎರಡನೆಯದು, ಕತೆ ನಮ್ಮ ತರಗತಿಗೆ ಎಷ್ಟು ಹತ್ತಿರ, ಎಷ್ಟು ದೂರ? ಕೆಲವು ವಾರ ಹತ್ತಿರದ ಕತೆ ಬೇಕು. ಕೆಲವು ವಾರ ದೂರದ್ದೇ ಸರಿ.

ಪುಣ್ಯಕೋಟಿ: ಎಲ್ಲರಿಗೂ ಗೊತ್ತು, ಆದರೆ...

ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಗೋವಿನ ಹಾಡು. ಬಾಯಿಪಾಠ ಇದೆ, ರಾಗ ಇದೆ, ಶಾಲಾ ವಾರ್ಷಿಕೋತ್ಸವದಲ್ಲಿ ಹುಲಿಯ ವೇಷಕ್ಕೆ ಜಗಳವೂ ಇದೆ. ಆದರೆ ಇನ್ನೊಬ್ಬರ ಪರ ನಿಲ್ಲುವುದನ್ನು ಕಲಿಸಲು ಇದು ಅಷ್ಟು ನೇರವಾಗಿ ಒದಗುವುದಿಲ್ಲ. ಇದು ಕೊಟ್ಟ ಮಾತಿನ ಕತೆ. ಹುಲಿಯ ಎದುರು ಹಸು ಒಂಟಿ. ಅವಳ ಪರವಾಗಿ ಯಾರೂ ಬರುವುದಿಲ್ಲ. ಕೊನೆಗೆ ಮನಸ್ಸು ಕರಗುವುದು ಪೀಡಿಸಿದವನದೇ. "ಒಳ್ಳೆಯವಳಾಗಿದ್ದರೆ ಹುಲಿಯೂ ಬದಲಾಗುತ್ತದೆ" ಎಂದು ಗೇಲಿಗೆ ಸಿಕ್ಕ ಮಗುವಿಗೆ ಹೇಳಿದ ಹಾಗಾಗುತ್ತದೆ. ಅದು ಆ ಮಗುವಿನ ಮೇಲೇ ಭಾರ ಹೊರಿಸಿದಂತೆ, ಅಲ್ವಾ?

ಆದರೂ ಇದನ್ನು ಪಕ್ಕಕ್ಕಿಡುವುದು ಬೇಡ. ಹಾಡಿನ ನಡುವೆ ಒಂದು ಜಾಗ ಇದೆ. ಹಸು ದೊಡ್ಡಿಗೆ ಮರಳಿ, ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂದು ಕರೆದು, ತಬ್ಬಲಿ ಕರುವನ್ನು ಹಾಯಬೇಡಿ, ಒದೆಯಬೇಡಿ, ನಿಮ್ಮದೇ ಎಂದು ನೋಡಿಕೊಳ್ಳಿ ಎಂದು ಬೇಡುತ್ತಾಳೆ. ಹೆಚ್ಚಿನವರು ಇದನ್ನು ಕಣ್ಣೊರೆಸಿಕೊಂಡು ದಾಟಿಬಿಡುತ್ತಾರೆ. ಅಲ್ಲಿ ನಿಲ್ಲಿಸಿ. ದೊಡ್ಡಿಯಲ್ಲಿದ್ದ ಹಸುಗಳ ಬಗ್ಗೆ ಕೇಳಿ. ಆ ಕರು ನಾಳೆ ಬೆಳಿಗ್ಗೆ ಒಂಟಿಯಾಗಿ ನಿಂತರೆ ಮೊದಲು ಪಕ್ಕಕ್ಕೆ ಹೋಗುವ ಹಸು ಯಾವುದು? ಅದು ಏನು ಮಾಡುತ್ತದೆ? ಎರಡನೆಯ ತರಗತಿಯ ಮಕ್ಕಳಿಗೆ ಇದು ಸಲೀಸಾಗಿ ಹಿಡಿಸುತ್ತದೆ. ಹೊಸದಾಗಿ ಶಾಲೆಗೆ ಸೇರಿದ ಮಗುವಿನ ಜತೆ ಕೂರುವುದು ಎಂದರೇನು ಎಂದು ಬೇರೆ ಹೇಳುವ ಅಗತ್ಯ ಬೀಳುವುದಿಲ್ಲ. ಖರ್ಚೂ ಇಲ್ಲ.

ಪಂಚತಂತ್ರ ಮತ್ತು ಇತರ ಪ್ರಾಣಿ ಕತೆಗಳು

ಯಾವ ಶಾಲೆಯಲ್ಲೂ ಇರುವ ಪುಸ್ತಕ ಇದು. ಕಪಾಟಿನ ಬೀಗದ ಕೈ ಸಿಕ್ಕಿದರೆ ಸರಿ. ಇದರಲ್ಲಿ ಎರಡು ಕತೆಗಳನ್ನು ನಾನು ಎತ್ತಿ ಇಡುತ್ತೇನೆ.

ಒಂದು, ಬಲೆಗೆ ಬಿದ್ದ ಪಾರಿವಾಳಗಳು. ಎಲ್ಲ ಸೇರಿ ಬಲೆ ಸಮೇತ ಹಾರಿದವು ಎನ್ನುವವರೆಗೆ ಎಲ್ಲರಿಗೂ ಗೊತ್ತು, ಒಗ್ಗಟ್ಟಿನಲ್ಲಿ ಬಲವಿದೆ ಎಂದು ಮುಗಿಸುತ್ತೇವೆ. ಮುಂದಿನ ಭಾಗ ಇನ್ನೂ ಚೆನ್ನಾಗಿದೆ. ಗೆಳೆಯ ಇಲಿ ಬಂದು ರಾಜ ಚಿತ್ರಗ್ರೀವನ ಕಟ್ಟು ಕಡಿಯಲು ಹೊರಟಾಗ, ಮೊದಲು ನನ್ನವರದ್ದು ಕಡಿ, ನನ್ನದು ಆಮೇಲೆ ಎನ್ನುತ್ತಾನೆ ಅವನು. ಮೂರು, ನಾಲ್ಕನೆಯ ತರಗತಿಗೆ ಹದವಾದ ಕತೆ.

ಇನ್ನೊಂದು, ಸಿಂಹ ಮತ್ತು ಮೊಲ. ಇದನ್ನು ಜಾಣತನದ ಕತೆ ಎಂದೇ ಹೇಳಿಕೊಂಡು ಬಂದಿದ್ದೇವೆ. ನನ್ನ ಕಣ್ಣಿಗೆ ಇದು ನೋಡುತ್ತಾ ನಿಂತವರ ಕತೆ. ಕಾಡಿನ ಪ್ರಾಣಿಗಳೆಲ್ಲ ಸಭೆ ಸೇರಿ ದಿನಕ್ಕೊಬ್ಬರನ್ನು ಕಳಿಸುವ ಒಪ್ಪಂದ ಮಾಡಿಕೊಳ್ಳುತ್ತವೆ. ಇವತ್ತು ಜಿಂಕೆಯ ಸರದಿ, ನನ್ನದಲ್ಲ, ಸದ್ಯ. ಈ "ಸದ್ಯ" ನಮ್ಮ ಐದನೆಯ ತರಗತಿಯಲ್ಲೂ ಇದೆ. ಇವತ್ತು ಅವನನ್ನು ರೇಗಿಸುತ್ತಿದ್ದಾರೆ, ನನ್ನನ್ನಲ್ಲ. ಮೊಲದ ಉಪಾಯದ ಹತ್ತಿರ ಹೋಗುವ ಮೊದಲು ಆ ಒಪ್ಪಂದದ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿಸಬಹುದು. ಯಾರು ಮೊದಲು ಒಪ್ಪಿರಬಹುದು? ಒಪ್ಪದೆ ಇದ್ದವರು ಇದ್ದರಾ? ಕೊನೆಯಲ್ಲಿ ಸಿಂಹ ಬಾವಿಗೆ ಬಿದ್ದು ಸಾಯುತ್ತದೆ ಎನ್ನುವುದು ಮಾತ್ರ ಸ್ವಲ್ಪ ತೊಡಕು. ಪೀಡಿಸುವವನನ್ನು ಮುಗಿಸಿಬಿಡುವುದೇ ದಾರಿ ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮ್ಮ ತರಗತಿಯ "ಸಿಂಹ" ನಾಳೆಯೂ ಅದೇ ಬೆಂಚಿಗೆ ಬರಬೇಕಲ್ಲ.

ಪ್ರಾಣಿ ಕತೆಗಳ ಬಗ್ಗೆ ಒಂದು ಎಚ್ಚರಿಕೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಒಂದೇ ಕತೆಯನ್ನು ಎರಡು ರೀತಿ ಓದಿ ಹೇಳಿದರು. ಒಂದರಲ್ಲಿ ಪಾತ್ರಗಳು ಅಂಗಿ ತೊಟ್ಟ ಪ್ರಾಣಿಗಳು, ಇನ್ನೊಂದರಲ್ಲಿ ಮನುಷ್ಯರು. ಆಮೇಲೆ ಮಕ್ಕಳ ಕೈಗೆ ಸ್ಟಿಕ್ಕರ್ ಕೊಟ್ಟು, ಬೇರೆ ಮಗುವಿಗೆ ಎಷ್ಟು ಕೊಡುತ್ತಾರೆ ನೋಡಿದರು. ಮನುಷ್ಯರ ಕತೆ ಕೇಳಿದವರು ಮೊದಲಿಗಿಂತ ಜಾಸ್ತಿ ಕೊಟ್ಟರು. ಪ್ರಾಣಿ ಕತೆ ಕೇಳಿದವರು ಹಾಗೆ ಜಾಸ್ತಿ ಕೊಡಲಿಲ್ಲ. ಪ್ರಾಣಿಗಳಲ್ಲೂ ಮನುಷ್ಯರ ಗುಣ ಕಾಣುವ ಮಕ್ಕಳು ಮಾತ್ರ ಪ್ರಾಣಿ ಕತೆಯಿಂದಲೂ ಸ್ವಲ್ಪ ಕಲಿತರು. ಅದು ಸ್ಟಿಕ್ಕರ್ ಹಂಚುವ ಪ್ರಯೋಗ, ಗೇಲಿ ತಡೆಯುವುದರದ್ದಲ್ಲ. ಹಾಗಿದ್ದರೂ ವಿಷಯ ಅರ್ಥವಾಗುತ್ತದೆ. ಪುಟ್ಟ ಮಕ್ಕಳಿಗೆ ನರಿಯ ಪಾಠ ನರಿಗೇ ಉಳಿದುಬಿಡುತ್ತದೆ. ಅದರಲ್ಲೂ ಸಕಲೇಶಪುರ, ಆಲೂರಿನ ಕಡೆಯ ಮಗುವಿಗೆ ಆನೆ ಎಂದರೆ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಆನೆಯಲ್ಲ. ರಾತ್ರಿ ಗದ್ದೆಗೆ ಬಂದು ಭತ್ತ ತುಳಿಯುವ ಆನೆ. ಅದರಿಂದ ಸ್ನೇಹದ ಪಾಠ ಹೇಳಿಸುವುದು ನಗೆಪಾಟಲು.

ಜಟಾಯು ಒಂದು ಕಡೆ, ವಿಕರ್ಣ ಒಂದು ಕಡೆ

ನಮ್ಮ ಮಲೆನಾಡಿನ ಮಕ್ಕಳಿಗೆ ಪುರಾಣದ ಪಾತ್ರಗಳು ಹೊಸಬರಲ್ಲ. ಯಕ್ಷಗಾನ, ಟಿವಿ, ಅಜ್ಜಿ, ಯಾವುದೋ ಒಂದು ದಾರಿಯಲ್ಲಿ ಪರಿಚಯ ಆಗಿರುತ್ತದೆ. ಅದು ದೊಡ್ಡ ಅನುಕೂಲ. ಪಾತ್ರ ಪರಿಚಯಕ್ಕೆ ಸಮಯ ಹಾಳಾಗುವುದಿಲ್ಲ.

ಜಟಾಯುವಿನದ್ದು ಎಲ್ಲರೂ ಆರಿಸುವ ಕತೆ. ವಯಸ್ಸಾದ ಹಕ್ಕಿ ರಾವಣನ ರಥಕ್ಕೆ ಅಡ್ಡ ನಿಲ್ಲುತ್ತದೆ, ರೆಕ್ಕೆ ಕತ್ತರಿಸಿಕೊಂಡು ಬೀಳುತ್ತದೆ. ನಾಲ್ಕು, ಐದನೆಯ ತರಗತಿಗೆ ಕೊಡಬಹುದು, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಇದನ್ನು ಅರ್ಧಕ್ಕೆ ನಿಲ್ಲಿಸಿದರೆ "ಅಡ್ಡ ಹೋದರೆ ಸಾಯುತ್ತೀಯ" ಎನ್ನುವುದಷ್ಟೇ ಮಗುವಿಗೆ ಉಳಿಯುತ್ತದೆ. ಜಟಾಯು ಉಸಿರು ಹಿಡಿದುಕೊಂಡಿದ್ದು ರಾಮನಿಗೆ ನಡೆದದ್ದನ್ನು ಹೇಳುವ ಭಾಗ ತಪ್ಪಿಸಬೇಡಿ. ತಡೆಯಲು ಆಗಲಿಲ್ಲ, ಆದರೆ ಹೇಳಬೇಕಾದವರಿಗೆ ಹೇಳಿತು. ಆರನೆಯ ತರಗತಿಯ ದೊಡ್ಡ ಹುಡುಗರು ಚಿಕ್ಕವರನ್ನು ಪೀಡಿಸುತ್ತಿದ್ದರೆ ನಾಲ್ಕನೆಯ ತರಗತಿಯ ಮಗು ಮಾಡಬಹುದಾದದ್ದೂ ಇದೇ. ಮಿಸ್ ಹತ್ತಿರ ಬಂದು ಹೇಳುವುದು. ಅದನ್ನು ಚಾಡಿ ಎಂದು ನಾವೇ ಬಾಯಿ ಮುಚ್ಚಿಸಿದರೆ, ಆಮೇಲೆ ಯಾವ ಪುಸ್ತಕ ಓದಿದರೂ ಅಷ್ಟೆ.

ವಿಕರ್ಣನ ಹೆಸರು ಮಕ್ಕಳಿಗೆ ಹೋಗಲಿ, ನಮ್ಮಲ್ಲೇ ಎಷ್ಟೋ ಜನಕ್ಕೆ ನೆನಪಿಲ್ಲ. ಜೂಜಿನ ಸಭೆಯಲ್ಲಿ ದ್ರೌಪದಿಯನ್ನು ಎಳೆದು ತಂದಾಗ ಅವಳು ಒಂದು ಪ್ರಶ್ನೆ ಕೇಳುತ್ತಾಳೆ. ತಾನೇ ಸೋತವನು ನನ್ನನ್ನು ಪಣಕ್ಕೆ ಇಡಬಹುದಾ? ಭೀಷ್ಮ, ದ್ರೋಣರಂಥ ಹಿರಿಯರು ತುಂಬಿದ ಸಭೆ. ನೇರ ಉತ್ತರ ಬರುವುದಿಲ್ಲ. ಆಗ ಎದ್ದು, ಇದು ನ್ಯಾಯವಲ್ಲ ಎಂದವನು ವಿಕರ್ಣ. ದುರ್ಯೋಧನನ ಸ್ವಂತ ತಮ್ಮ. ಸುಮ್ನೆ ಕೂಗಾಡಲಿಲ್ಲ, ಒಂದೊಂದೇ ಕಾರಣ ಕೊಟ್ಟು ಹೇಳಿದ. ಕರ್ಣ ಅವನನ್ನು ಹುಡುಗು ಬುದ್ಧಿ ಎಂದು ಗದರಿ ಕೂರಿಸಿದ.

ಏಳು, ಎಂಟನೆಯ ತರಗತಿಗೆ ಪುರಾಣದಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ. ಜಟಾಯು ಹೊರಗಿನಿಂದ ಬಂದವನು. ವಿಕರ್ಣ ಪೀಡಿಸುವವರ ಗುಂಪಿನವನೇ. ನಿಜವಾದ ಕಷ್ಟ ಇರುವುದು ಅಲ್ಲಿ. ವೈರಿಯ ಎದುರು ನಿಲ್ಲುವುದಕ್ಕಿಂತ, ದಿನಾ ಒಟ್ಟಿಗೆ ಕ್ರಿಕೆಟ್ ಆಡುವ ಗೆಳೆಯನಿಗೆ "ಬಿಡೋ, ಸಾಕು" ಎನ್ನುವುದು ಕಷ್ಟ. ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ಈ ಭಾಗ ಓದಿದಾಗ ಹಿಂದಿನ ಸಾಲಿನಿಂದ ಒಬ್ಬ, "ಸರ್, ಅವ್ನು ಹೇಳಿ ಏನಾಯ್ತು? ಯಾರೂ ಕೇಳ್ಲಿಲ್ವಲ್ಲ" ಎಂದ. ಅದಕ್ಕೆ ಮುಂದಿನ ಸಾಲಿನ ಹುಡುಗಿ ತಿರುಗಿ ನೋಡದೆಯೇ, "ದ್ರೌಪದಿ ಕೇಳಿಸ್ಕೊಂಡ್ಳಲ್ಲ" ಎಂದಳು. ಮೇಷ್ಟ್ರು ಬಾಯಿ ಹಾಕಲಿಲ್ಲ. ಅಲ್ಲಿಂದ ಮುಂದೆ ಗಂಟೆ ಹೊಡೆಯುವವರೆಗೂ ಮಾತಾಡಿದ್ದು ಮಕ್ಕಳೇ. ವಿಕರ್ಣ ಆಮೇಲೆ ಯುದ್ಧದಲ್ಲಿ ಅಣ್ಣನ ಕಡೆಯೇ ನಿಂತು ಭೀಮನ ಕೈಯಲ್ಲಿ ಸತ್ತ ಎಂದು ತಿಳಿದಾಗ ಚರ್ಚೆ ಇನ್ನೂ ಬಿಸಿ ಏರಿತು.

ಕಷ್ಟ ಏನೆಂದರೆ, ಇದು ಸಣ್ಣವರಿಗೆ ಹೇಳುವ ಕತೆಯಲ್ಲ. ಸಭೆಯಲ್ಲಿ ಹೆಣ್ಣೊಬ್ಬಳಿಗೆ ಆದ ಅವಮಾನವನ್ನು ಹೇಗೆ ಹೇಳಬೇಕು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಬಣ್ಣಿಸುವುದು ಬೇಡ. "ಎಳೆದು ತಂದರು, ಅವಮಾನ ಮಾಡಿದರು" ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಮತ್ತೊಂದು, ಮಕ್ಕಳ ಮಹಾಭಾರತ ಎಂದು ಮಾರುವ ಸಣ್ಣ ಪುಸ್ತಕಗಳಲ್ಲಿ ವಿಕರ್ಣನನ್ನೇ ಬಿಟ್ಟಿರುವುದುಂಟು. ಕೊಳ್ಳುವ ಮೊದಲು ಸಭಾಪರ್ವದ ಪುಟ ತಿರುವಿ ನೋಡಿ.

ಮಕ್ಕಳೇ ಇರುವ ಚಿತ್ರಪುಸ್ತಕಗಳು

ಒಂದರಿಂದ ಮೂರನೆಯ ತರಗತಿಗೆ, ಅಂದರೆ ನಲಿ-ಕಲಿ ಮಕ್ಕಳಿಗೆ, ನನ್ನ ಓಟು ಇವಕ್ಕೇ. ಶಾಲೆ, ಬಸ್ಸು, ಆಟ, ಊಟದ ಡಬ್ಬಿ, ಹೊಸ ಗೆಳತಿ. ನೀತಿ ಹೇಳುವ ಅವಸರ ಇಲ್ಲ. ಟೊರಾಂಟೊದ ಪ್ರಯೋಗ ಹೇಳುವುದೂ ಇದನ್ನೇ, ಪುಟ್ಟ ಮಕ್ಕಳಿಗೆ ತಮ್ಮಂಥ ಮಕ್ಕಳು ಬೇಕು.

ಎಲ್ಲಿಂದ ತರುವುದು? ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಬಹಳ ಹಿಂದಿನಿಂದಲೂ ಇವೆ. ಕಡಿಮೆ ಬೆಲೆಗೂ ಸಿಗುತ್ತವೆ. ಚಿತ್ರಗಳು ಕೆಲವು ಕಡೆ ಹಳೆಯದಾಗಿ ಕಾಣುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಪುಸ್ತಕಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು, ಬೇಕಿದ್ದರೆ ಅನುವಾದವನ್ನೂ ಮಾಡಬಹುದು. ಓದುವ ಮಟ್ಟಕ್ಕೆ ತಕ್ಕಂತೆ ಒಂದರಿಂದ ನಾಲ್ಕರವರೆಗೆ ಹಂತಗಳಿವೆ.

ನಮ್ಮ ಎರಡೂ ಜಿಲ್ಲೆಗೆ ಇದರಲ್ಲಿ ಒಂದು ವಿಶೇಷ ಉಪಯೋಗ ಇದೆ. ಕಾಫಿ ತೋಟಗಳ ಲೈನ್ ಮನೆಗಳಿಗೆ ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಕುಟುಂಬಗಳು ಬರುತ್ತಿವೆ. ಮಗು ಶಾಲೆಗೆ ಬರುತ್ತದೆ, ಕನ್ನಡ ಬರುವುದಿಲ್ಲ, ಮೂಲೆಯಲ್ಲಿ ಕೂರುತ್ತದೆ. ಅದು ಮಾತಾಡಿದರೆ ಎಲ್ಲರೂ ಅಣಕಿಸುತ್ತಾರೆ. ಸ್ಟೋರಿವೀವರಿನಲ್ಲಿ ಒಂದೇ ಪುಸ್ತಕ ಕನ್ನಡದಲ್ಲೂ ಹಿಂದಿ, ಬಂಗಾಳಿ, ಅಸ್ಸಾಮಿಯಲ್ಲೂ ಸಿಗುವುದುಂಟು. ಎರಡೂ ಪ್ರತಿ ತೆಗೆದು ಪಕ್ಕಪಕ್ಕ ಇಡಿ. ಒಂದು ಪುಟ ನೀವು ಕನ್ನಡದಲ್ಲಿ ಓದಿ. ಅದೇ ಪುಟವನ್ನು ಆ ಮಗು ಓದಲಿ. ಓದಲು ಬಾರದಿದ್ದರೆ ಚಿತ್ರ ನೋಡಿ ತನ್ನ ಮಾತಿನಲ್ಲಿ ಹೇಳಲಿ. ಪಕ್ಕ ಕೂತವಳು ಪುಟ ತಿರುಗಿಸಲಿ. ಗೇಲಿ ಮಾಡಬೇಡಿ ಎಂದು ಭಾಷಣ ಬಿಗಿಯುವುದಕ್ಕಿಂತ ಆ ಪುಟ ತಿರುಗಿಸುವ ಕೆಲಸ ಮೇಲು. ಪಕ್ಕದವಳಿಗೆ ಅಲ್ಲಿ ಒಂದು ಜವಾಬ್ದಾರಿ ಸಿಕ್ಕಿರುತ್ತದೆ.

ಈ ಪುಸ್ತಕಗಳ ಕೊರತೆ ಎಂದರೆ, ಹಲವದರಲ್ಲಿ ಸಮಸ್ಯೆ ತೀರಾ ಬೇಗ ಬಗೆಹರಿಯುತ್ತದೆ. ಹದಿನಾಲ್ಕನೇ ಪುಟದಲ್ಲಿ ಗೇಲಿ, ಹದಿನಾರನೇ ಪುಟದಲ್ಲಿ ಎಲ್ಲರೂ ಕೈ ಹಿಡಿದು ಕುಣಿತ. ಐದನೆಯ ತರಗತಿ ದಾಟಿದವರು ಇದನ್ನು ನಂಬುವುದಿಲ್ಲ. ಸಣ್ಣವರ ಪುಸ್ತಕ ಎಂದು ಮುಖ ತಿರುಗಿಸುತ್ತಾರೆ.

ಸ್ವಲ್ಪ ದೊಡ್ಡವರಿಗೆ ತೊತ್ತೋಚಾನ್

ಜಪಾನಿನ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯದ ಶಾಲೆಯ ಬಗ್ಗೆ 1981ರಲ್ಲಿ ಹೊರತಂದ ಪುಸ್ತಕ ಇದು. ಕನ್ನಡದಲ್ಲೂ ಇದೆ. ಎಷ್ಟೋ ಟೀಚರ್‌ಗಳಿಗೆ ಟಿಸಿಎಚ್, ಡಿಎಡ್ ತರಬೇತಿಯ ದಿನಗಳಿಂದ ಗೊತ್ತಿರುವ ಪುಸ್ತಕ. ಶಿಕ್ಷಕರು ಇದನ್ನು ಒಳ್ಳೆಯ ಶಾಲೆ ಹೇಗಿರಬೇಕು ಎಂದು ಓದುತ್ತಾರೆ. ಮಕ್ಕಳಿಗೆ ಓದಿ ಹೇಳುವುದು ಕಡಿಮೆ. ಹೇಳಬೇಕು.

ಪೋಲಿಯೊ ಆದ ಯಾಸುಆಕಿ ಎಂಬ ಹುಡುಗನನ್ನು ತೊತ್ತೋಚಾನ್, ಅಂದರೆ ಪುಟ್ಟ ತೆತ್ಸುಕೊ, ತನ್ನ ಮರ ಹತ್ತಲು ಕರೆಯುವ ಅಧ್ಯಾಯ ಇದೆ. ಆ ಶಾಲೆಯಲ್ಲಿ ಒಬ್ಬೊಬ್ಬ ಮಗುವಿಗೂ ಒಂದೊಂದು ಮರ ಇತ್ತು. ಇವನಿಗೆ ಹತ್ತಲು ಆಗುತ್ತಿರಲಿಲ್ಲ. ಅವಳು ಏಣಿ ಎಳೆದು ತರುತ್ತಾಳೆ. ಆಗುವುದಿಲ್ಲ. ಇನ್ನೊಂದು ಏಣಿ ಹುಡುಕುತ್ತಾಳೆ. ಬೆವರು ಸುರಿಸುತ್ತಾ ಇಬ್ಬರೂ ಮೇಲೆ ಹೋಗುತ್ತಾರೆ. ಅಲ್ಲಿ ಕರುಣೆಯ ಒಂದು ಮಾತೂ ಇಲ್ಲ. ಅವಳಿಗೆ ತನ್ನ ಮರದ ಮೇಲೆ ಅವನು ಇರಬೇಕು, ಅಷ್ಟೇ. ಅಂಗವಿಕಲ ಮಕ್ಕಳ ಬಗ್ಗೆ ನಮ್ಮ ಹೆಚ್ಚಿನ ಕತೆಗಳಲ್ಲಿ ಸಿಗದ ಗುಣ ಇದು.

ಇಡೀ ಪುಸ್ತಕ ಓದಿಸುವುದು ಬೇಡ. ಅಧ್ಯಾಯಗಳು ಪುಟ್ಟವು. ಒಂದು ಪೀರಿಯಡ್‌ಗೆ ಒಂದು ಅಧ್ಯಾಯ ಮಾಡಿ, ಮೇಲಿನದ್ದನ್ನೂ ಸೇರಿಸಿ ನಾಲ್ಕೈದು ಆಯ್ದರೆ ಸಾಕು. ಹೆಸರುಗಳು ನಾಲಿಗೆಗೆ ತೊಡರುತ್ತವೆ. ಮೊದಲ ದಿನ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಎರಡನೇ ದಿನಕ್ಕೆ ಅವರೇ ಸರಿಯಾಗಿ ಹೇಳುತ್ತಾರೆ.

ನಿಜ ಬದುಕಿನ ಕತೆಗಳು

ಮಹನೀಯರ ಕತೆ ಎಂದರೆ ನಮ್ಮ ಶಾಲೆಗಳಲ್ಲಿ ಜಯಂತಿಯ ಭಾಷಣ ಎಂದಾಗಿಬಿಟ್ಟಿದೆ. ಹುಟ್ಟಿದ ದಿನ, ತಂದೆ ತಾಯಿ, ಸಾಧನೆ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು ಎಂದು ಬಾಯಿಪಾಠ ಹೇಳುವ ಮಗುವಿಗೆ, ಅವರು ದಾರಿಯಲ್ಲಿ ಸಗಣಿ ಎರಚಿಸಿಕೊಂಡು ನಡೆಯುತ್ತಿದ್ದಾಗ ಬೀದಿಯ ಉಳಿದ ಜನ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಬಂದಿರುವುದಿಲ್ಲ.

ಅಂಬೇಡ್ಕರ್ ಅವರ ಆತ್ಮಕಥನದ ಟಿಪ್ಪಣಿಗಳಲ್ಲಿ ಒಂದು ಪ್ರಸಂಗ ಇದೆ. ಎಂಟನೆಯ ತರಗತಿಗೆ ನಾನು ಮೊದಲು ಹೇಳುವುದು ಅದನ್ನೇ. 1901. ಒಂಬತ್ತು ವರ್ಷದ ಭೀಮರಾವ್ ಮತ್ತು ಜತೆಯ ಮಕ್ಕಳು ಅಪ್ಪನನ್ನು ನೋಡಲು ಕೋರೆಗಾಂವ್‌ಗೆ ಹೊರಟು ಮಸೂರ್ ಸ್ಟೇಷನ್‌ನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳು. ಸ್ಟೇಷನ್ ಮಾಸ್ತರು ಬಂದು ಅಕ್ಕರೆಯಿಂದ ವಿಚಾರಿಸುತ್ತಾರೆ. ಯಾವ ಜಾತಿ ಎಂದು ಗೊತ್ತಾದ ಕೂಡಲೇ ಮುಖ ಬದಲಾಗುತ್ತದೆ, ಎದ್ದು ಒಳಗೆ ಹೋಗುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಬರುತ್ತಾರೆ. ಗಾಡಿಯವರ ಜತೆ ಮಾತಾಡುತ್ತಾರೆ. ಎರಡು ಪಟ್ಟು ಬಾಡಿಗೆ ಎಂದರೂ ಯಾರೂ ಒಪ್ಪುವುದಿಲ್ಲ. ಕೊನೆಗೆ ಮಾಸ್ತರಿಗೇ ಒಂದು ದಾರಿ ಹೊಳೆಯುತ್ತದೆ. ಗಾಡಿ ನೀವೇ ಹೊಡೆಯುತ್ತೀರಾ ಎಂದು ಕೇಳುತ್ತಾರೆ. ಮಕ್ಕಳು ಗಾಡಿ ಹೊಡೆಯುತ್ತಾರೆ, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ.

ಈ ಸ್ಟೇಷನ್ ಮಾಸ್ತರು ಒಳ್ಳೆಯವರಾ, ಕೆಟ್ಟವರಾ? ತರಗತಿ ಎರಡು ಪಾಲಾಗುತ್ತದೆ. ಹಾಗೆ ಆಗಬೇಕು. ಪೂರ್ತಿ ಪರವಾಗಿ ನಿಲ್ಲಲಿಲ್ಲ, ಪೂರ್ತಿ ಕೈಬಿಡಲೂ ಇಲ್ಲ. ನಾವು ಹೆಚ್ಚಿನವರು ಇರುವುದು ಹಾಗೇ. ಇಂಥ ಅರ್ಧಂಬರ್ಧ ಮನುಷ್ಯ ಮಕ್ಕಳ ಪುಸ್ತಕಗಳಲ್ಲಿ ಸಿಗುವುದು ತೀರಾ ಅಪರೂಪ. ಅಂಬೇಡ್ಕರ್ ಜೀವನಚರಿತ್ರೆ ಕೊಳ್ಳುವಾಗ ಬಾಲ್ಯದ ಇಂಥ ಪ್ರಸಂಗಗಳನ್ನು ವಿವರವಾಗಿ ಕೊಟ್ಟಿರುವುದನ್ನು ಆರಿಸಿ. "ಅನೇಕ ಕಷ್ಟಗಳನ್ನು ಎದುರಿಸಿದರು" ಎಂದು ಒಂದೇ ಸಾಲಿನಲ್ಲಿ ಹಾರಿಸಿದ ಪುಸ್ತಕ ಬೇಡ. ಊರಿನಲ್ಲಿ ಜಾತಿಯ ವಿಷಯ ಬಿಸಿ ಇದ್ದರೆ ಹೆಡ್ ಮೇಷ್ಟ್ರ ಜತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಬಿಸಿ ಇದೆ ಎಂದು ಕತೆಯನ್ನೇ ಬಿಡುವುದು ಮಾತ್ರ ಬೇಡ.

ಹಾಗಾದರೆ ಯಾವ ವಾರ ಯಾವುದು?

ತರಗತಿ ನೋಡಿ ಪುಸ್ತಕ ಆರಿಸುವುದು ಸುಲಭ, ಅದನ್ನು ಮೇಲೆಯೇ ಹೇಳಿದ್ದಾಯಿತು. ಕಷ್ಟ ಇರುವುದು ಸಮಯ ನೋಡುವುದರಲ್ಲಿ. ತೊದಲುವ ಹುಡುಗನನ್ನು ಸೋಮವಾರ ಎಲ್ಲರೂ ಅಣಕಿಸಿದರು ಎಂದಿಟ್ಟುಕೊಳ್ಳಿ. ಮಂಗಳವಾರ ತೊದಲುವ ಹುಡುಗನ ಕತೆಪುಸ್ತಕ ತಂದು ಓದಿದರೆ ಏನಾಗುತ್ತದೆ? ಮೂವತ್ತು ತಲೆ ಒಟ್ಟಿಗೆ ಅವನ ಕಡೆ ತಿರುಗುತ್ತದೆ. ಗಾಯಕ್ಕೆ ನಾವೇ ಬೆರಳು ಹಾಕಿದ ಹಾಗೆ. ಅಂಥ ವಾರ ದೂರದ ಕತೆಯೇ ಬೇಕು. ಸಿಂಹದ ಒಪ್ಪಂದ, ಪಾರಿವಾಳ, ಜಟಾಯು. ಎಲ್ಲರಿಗೂ ಒಳಗೊಳಗೆ ಗೊತ್ತಿರುತ್ತದೆ ಯಾವುದರ ಬಗ್ಗೆ ಮಾತು ಎಂದು, ಆದರೆ ಯಾರ ಹೆಸರೂ ಬರುವುದಿಲ್ಲ. ಪ್ರಾಣಿ ಕತೆಯ ದೂರವೇ ಇಲ್ಲಿ ಒಳ್ಳೆಯದಾಯಿತು.

ಜಗಳ ಏನೂ ಇಲ್ಲದ, ತಣ್ಣಗಿನ ವಾರದಲ್ಲಿ ಹತ್ತಿರದ ಕತೆ ತೆಗೆಯಿರಿ. ಜೂನ್‌ನಲ್ಲಿ ಶಾಲೆ ಶುರುವಾಗಿ ಹೊಸ ಮಕ್ಕಳು ಬಂದ ಮೊದಲ ದಿನಗಳು ಇದಕ್ಕೆ ಚೆನ್ನ. ಆಮೇಲೆ ಜೋರು ಮಳೆ ಹಿಡಿದು ಎಲ್ಲರೂ ದಿನವಿಡೀ ಒಂದೇ ಕೋಣೆಯಲ್ಲಿ ಕೂತಾಗ ಕೀಟಲೆ ಹೆಚ್ಚುತ್ತದೆ. ಅಷ್ಟರೊಳಗೆ ಒಂದೆರಡು ಪುಸ್ತಕ ಓದಿ ಮುಗಿದಿದ್ದರೆ ಅನುಕೂಲ.

ಹೊಡೆತ, ಮೈ ಮುಟ್ಟುವುದು, ಬೆದರಿಸಿ ದುಡ್ಡು ಕೀಳುವುದು ನಡೆದಿದ್ದರೆ ಕತೆಯ ಮಾತೇ ಬೇಡ. ಅದು ದೊಡ್ಡವರು ತಕ್ಷಣ ಕೈ ಹಾಕಬೇಕಾದ ವಿಷಯ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ.

ಕೊಳ್ಳದೆ ಬಿಡಬಹುದಾದವು

ಒಬ್ಬನೇ ಹೋಗಿ ನಾಲ್ಕು ಜನರನ್ನು ಹೊಡೆದು ಹಾಕುವ ಹೀರೋ ಕತೆ ಬೇಡ. ಹುಡುಗರು ಅದನ್ನು ಮಧ್ಯಾಹ್ನವೇ ಮೈದಾನದಲ್ಲಿ ಪ್ರಯೋಗಿಸುತ್ತಾರೆ. ಗೇಲಿಗೆ ಸಿಕ್ಕ ಮಗು ಕೊನೆಗೆ ಓಟದಲ್ಲಿ ಬಹುಮಾನ ಗೆದ್ದೋ, ಊರನ್ನೇ ಬೆಂಕಿಯಿಂದ ಉಳಿಸಿಯೋ ಎಲ್ಲರ ಮೆಚ್ಚುಗೆ ಪಡೆಯುವ ಕತೆಗಳೂ ಬೇಡ. ಇವು ತುಂಬಾ ಇವೆ, ನೋಡಲು ಚೆನ್ನಾಗೂ ಇರುತ್ತವೆ. ಆದರೆ ಏನನ್ನೂ ಗೆಲ್ಲದ ಮಗುವನ್ನು ರೇಗಿಸಬಹುದಾ ಹಾಗಿದ್ದರೆ? ದಪ್ಪಗಿರುವ ಪಾತ್ರವನ್ನೋ, ಕಪ್ಪಗಿರುವ ಪಾತ್ರವನ್ನೋ ನಗಿಸಲೆಂದೇ ಇಟ್ಟಿರುವ ಪುಸ್ತಕ ಕಪಾಟಿನಲ್ಲಿ ಇದ್ದರೆ ತೆಗೆದು ಪಕ್ಕಕ್ಕಿಡಿ.

ಎಲ್ಲಿ ನಿಲ್ಲಿಸಿ ಏನು ಕೇಳುವುದು

ಪುಸ್ತಕ ಯಾವುದೇ ಇರಲಿ, "ನೀನಾಗಿದ್ರೆ ಏನ್ಮಾಡ್ತಿದ್ದೆ?" ಎಂದು ಕೇಳಿದರೆ ಬರುವ ಉತ್ತರ ಒಂದೇ. "ಹೆಲ್ಪ್ ಮಾಡ್ತಿದ್ದೆ ಮಿಸ್." ಇಡೀ ತರಗತಿ ಕೋರಸ್‌ನಲ್ಲಿ ಹೇಳುತ್ತದೆ. ಐದು ನಿಮಿಷಕ್ಕೆ ಬೆಲ್ ಹೊಡೆದರೆ ಅದೇ ಮಕ್ಕಳು ಅದೇ ಹುಡುಗನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ.

ಅದರ ಬದಲು ನೋಡುತ್ತಾ ನಿಂತವನ ಬಗ್ಗೆ ಕೇಳಿ. ಅವನು ಯಾಕೆ ಸುಮ್ಮನಿದ್ದ? ಆಗ ನಿಜ ಹೊರಗೆ ಬರುತ್ತದೆ. "ಅವ್ನಿಗೂ ಹೊಡೀತಾರೆ ಅಂತ." "ಅವ್ರು ದೊಡ್ಡೋರ ಮನೆ ಮಕ್ಳು." "ಅವ್ನು ಹೇಳಿದ್ರೆ ಟೀಮಿಂದ ತೆಗೀತಾರೆ." ಈ ಕಾರಣಗಳನ್ನು ಬೋರ್ಡಿನ ಮೇಲೆ ಬರೆಯಿರಿ. ತಪ್ಪು, ಹೇಡಿತನ ಎಂದು ತಿದ್ದಬೇಡಿ. ಒಂದೊಂದು ಕಾರಣದ ಎದುರಿಗೂ, ಹಾಗಿದ್ದರೂ ಅವನು ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು ಎಂದು ಕೇಳಿ. ನಗದೆ ಇರಬಹುದು. "ಬಾ, ನೀರು ಕುಡಿದು ಬರೋಣ" ಎಂದು ಅವನನ್ನು ಅಲ್ಲಿಂದ ಕರೆದುಕೊಂಡು ಹೋಗಬಹುದು. ಇಬ್ಬರು ಸೇರಿ ಹೇಳಬಹುದು. ಆಮೇಲೆ ಬಸ್ಸಿನಲ್ಲಿ ಪಕ್ಕ ಕೂರಬಹುದು. ಮಿಸ್‌ಗೆ ಹೇಳಬಹುದು. ಒಂದು ಪುಸ್ತಕಕ್ಕೆ ಒಂದು ಪೀರಿಯಡ್ ಸಾಲುವುದಿಲ್ಲ. ಓದಲು ಒಂದು, ಮಾತಿಗೆ ಒಂದು ಇಟ್ಟುಕೊಳ್ಳಿ. ಸಮಯ ಇಲ್ಲದಿದ್ದರೆ ಪುಸ್ತಕಗಳ ಸಂಖ್ಯೆ ಕಡಿಮೆ ಮಾಡಿ, ಮಾತು ಕಡಿಮೆ ಮಾಡಬೇಡಿ.

ಪುಸ್ತಕ ಕೈಗೆ ಬರುವ ದಾರಿ

ಶಾಲೆಯಲ್ಲಿ ಇಲ್ಲದ್ದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಲೈಬ್ರರಿಯಲ್ಲಿ, ಇರಬಹುದು. "ಓದುವ ಬೆಳಕು" ಅಭಿಯಾನ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಹಾಸನ, ಚಿಕ್ಕಮಗಳೂರಿಗೆ ಹೋದಾಗ ಜಿಲ್ಲಾ ಕೇಂದ್ರ ಗ್ರಂಥಾಲಯದ ಮಕ್ಕಳ ವಿಭಾಗವನ್ನೂ ಒಮ್ಮೆ ನೋಡಿ. ಕೊಳ್ಳುವುದಿದ್ದರೆ ನವೆಂಬರ್‌ವರೆಗೆ ಕಾಯಿರಿ, ರಾಜ್ಯೋತ್ಸವದ ರಿಯಾಯಿತಿ ಸಿಗುತ್ತದೆ.

ಸ್ಟೋರಿವೀವರ್ ಪುಸ್ತಕಗಳನ್ನು ಸ್ಮಾರ್ಟ್ ಟಿವಿಯಲ್ಲಿ ತೋರಿಸಿದರೆ ಹಿಂದಿನ ಬೆಂಚಿಗೂ ಚಿತ್ರ ಕಾಣುತ್ತದೆ. ಆದರೆ ಜುಲೈನಲ್ಲಿ ಕರೆಂಟನ್ನು ನಂಬಿಕೊಂಡು ಪಾಠ ಇಟ್ಟುಕೊಳ್ಳಬೇಡಿ. ಮೇ ತಿಂಗಳಲ್ಲೇ ಇಳಿಸಿ ಪ್ರಿಂಟ್ ಹಾಕಿಸಿಡಿ. ಕಲರ್ ಪ್ರಿಂಟ್ ದುಬಾರಿ. ಕಪ್ಪು ಬಿಳುಪಿನಲ್ಲಿ ತೆಗೆಸುವುದಾದರೆ ಗೆರೆ ಚಿತ್ರಗಳಿರುವ ಪುಸ್ತಕವನ್ನೇ ಆರಿಸಿ. ಗಾಢ ಬಣ್ಣದ ಪುಟಗಳು ಜೆರಾಕ್ಸ್‌ನಲ್ಲಿ ಮಸಿಯಾಗಿ, ಯಾರ ಮುಖವೂ ಗೊತ್ತಾಗುವುದಿಲ್ಲ.